ಪಿಜಿಎ ಟೂರ್ 2ಕೆ23: ಕೊನೆಯ ನೂರಮೂವತ್ತು ಗಜದ ಗಾಳಿ

ಪಿಜಿಎ ಟೂರ್ 2ಕೆ23 ಅನ್ನುವ ಗಾಲ್ಫ್ ವಿಡಿಯೋ ಗೇಮ್ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಇಷ್ಟು ವರ್ಷ ಕಳೆದರೂ ನನ್ನ ಕಂಪ್ಯೂಟರ್‌ನಿಂದ ಅದನ್ನು ತೆಗೆದಿಲ್ಲ. ಕಾರಣ ಒಂದೇ. ಪಿನ್‌ಗೆ, ಅಂದರೆ ಚೆಂಡು ಬೀಳಿಸಬೇಕಾದ ಕುಳಿಯ ಬಾವುಟಕ್ಕೆ, ನೂರಮೂವತ್ತು ಗಜ ಅಥವಾ ಅದಕ್ಕೂ ಕಡಿಮೆ ಉಳಿದಾಗ ಗಾಳಿಯನ್ನು ಅಂದಾಜು ಮಾಡುವ ಕೆಲಸ ಇದೆಯಲ್ಲ, ಅದು ನನಗೆ ಇನ್ನೂ ಸಾಕಾಗಿಲ್ಲ. ಡ್ರೈವರ್ (ಅತಿ ದೂರ ಹೊಡೆಯುವ ಗಾಲ್ಫ್ ಕೋಲು, ಅಂದರೆ ಕ್ಲಬ್) ಹಿಡಿದು ಮುನ್ನೂರು ಗಜ ಹೊಡೆಯುವ ಖುಷಿ ಕೆಲವೇ ವಾರಗಳಲ್ಲಿ ಹಳೆಯದಾಯಿತು. ಹತ್ತಿರದ ಗುರಿಗೆ ಚೆಂಡನ್ನು ಎತ್ತರಕ್ಕೆ ಹಾರಿಸುವ ವೆಡ್ಜ್ ಹಿಡಿದಾಗಿನ ಯೋಚನೆ ಹಳೆಯದಾಗಲಿಲ್ಲ. ಹಾಗಾಗಿ ಈ ವಿಮರ್ಶೆಯಲ್ಲಿ ಗ್ರಾಫಿಕ್ಸ್, ಬಟ್ಟೆಬರೆ, ಕಾಮೆಂಟರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಆಟ ಮಾಡಿದವರು ಎಚ್‌ಬಿ ಸ್ಟುಡಿಯೋಸ್. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಲುನೆನ್‌ಬರ್ಗ್ ಅನ್ನುವ ಸಣ್ಣ ಊರಿನ ತಂಡ. 2014ರಲ್ಲಿ ಇವರು 'ದಿ ಗಾಲ್ಫ್ ಕ್ಲಬ್' ಅನ್ನುವ ಆಟ ತಂದರು. ಅದೇ ಬೆಳೆದು 2020ರಲ್ಲಿ 2ಕೆ21 ಆಯಿತು, ಆಮೇಲೆ ಟೈಗರ್ ವುಡ್ಸ್ ಮುಖಪುಟದ 2ಕೆ23 ಆಯಿತು. ಈ ಹಿನ್ನೆಲೆ ಯಾಕೆ ಹೇಳಿದೆ ಅಂದರೆ, ಮೊದಲಿನಿಂದಲೂ ಇವರ ಗಮನ ಚೆಂಡಿನ ಹಾರಾಟದ ಮೇಲೆ. ತೋರಿಕೆಗಿಂತ ಅದು ಮುಖ್ಯ ಅಂತ ನಂಬಿದವರ ಕೈಕೆಲಸ ಇದು. ಆಡುವಾಗ ಅದು ಗೊತ್ತಾಗುತ್ತದೆ.

ಈಗ ಗಾಳಿಯ ವಿಷಯಕ್ಕೆ ಬರೋಣ. ಪರದೆಯ ಮೇಲೆ ಒಂದು ಬಾಣ ಇರುತ್ತದೆ, ಪಕ್ಕದಲ್ಲಿ ಗಂಟೆಗೆ ಎಷ್ಟು ಮೈಲಿ ಅನ್ನುವ ಅಂಕಿ. ಗುರಿ ಎಷ್ಟು ದೂರ, ನೀವು ನಿಂತ ಜಾಗಕ್ಕಿಂತ ಎಷ್ಟು ಎತ್ತರ ಅಥವಾ ತಗ್ಗು, ಹುಲ್ಲಿನಲ್ಲಿ ಚೆಂಡು ಹೇಗೆ ಕೂತಿದೆ, ಇವೂ ಕಾಣುತ್ತವೆ. ಆದರೆ ಗುರಿಯ ಗುರುತು ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಗಾಳಿಯೇ ಇಲ್ಲದಿದ್ದರೆ ಚೆಂಡು ಎಲ್ಲಿ ಬೀಳುತ್ತಿತ್ತು ಅಂತ ಮಾತ್ರ ಅದು ತೋರಿಸುತ್ತದೆ. ಉಳಿದದ್ದು ನಿಮ್ಮ ತಲೆಗೆ ಬಿಟ್ಟದ್ದು. ನನ್ನ ತಂಗಿ ಮೊದಲ ಸಲ ಆಡುವಾಗ, "ಅಣ್ಣ, ಬಾಣ ಯಾವ ಕಡೆಗಿದೆಯೋ ಅದರ ಉಲ್ಟಾ ಕಡೆ ಸ್ವಲ್ಪ ತಿರುಗಿಸಿದ್ರೆ ಸಾಕಲ್ವಾ?" ಅಂತ ಕೇಳಿದಳು. ಡ್ರೈವರ್‌ಗೆ ಅಷ್ಟು ಸಾಕು, ಫೇರ್‌ವೇ, ಅಂದರೆ ಚೆಂಡು ಬೀಳಬೇಕಾದ ಹುಲ್ಲಿನ ದಾರಿ, ಅಗಲವಾಗಿರುತ್ತದೆ. ವೆಡ್ಜ್‌ಗೆ ಸಾಲದು. ಇಲ್ಲಿ ನಾಲ್ಕು ಗಜ ತಪ್ಪಿದರೆ ಬರ್ಡಿ (ನಿಗದಿಗಿಂತ ಒಂದು ಹೊಡೆತ ಕಡಿಮೆಯಲ್ಲಿ ಮುಗಿಸುವುದು) ಕೈತಪ್ಪಿತು ಅಂತಲೇ ಅರ್ಥ.

ಸಣ್ಣ ಹೊಡೆತಕ್ಕೆ ಗಾಳಿ ಯಾಕೆ ಇಷ್ಟು ಕಾಟ ಕೊಡುತ್ತದೆ? ನಿಜವಾದ ಗಾಲ್ಫ್‌ನ ಅಂಕಿಗಳನ್ನು ನೋಡಿದರೆ ತಿಳಿಯುತ್ತದೆ. ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಎ ಟೂರ್‌ನ ಆಟಗಾರರ ಡ್ರೈವರ್ ಹೊಡೆತದಲ್ಲಿ ಚೆಂಡಿನ ವೇಗ ಸರಾಸರಿ ಗಂಟೆಗೆ 170 ಮೈಲಿಯ ಆಸುಪಾಸು. ಪಿಚಿಂಗ್ ವೆಡ್ಜ್‌ನಲ್ಲಿ ಅದು ನೂರು ಮೈಲಿ ಚಿಲ್ಲರೆ. ಆದರೆ ಎರಡೂ ಏರುವ ಎತ್ತರ ಹೆಚ್ಚು ಕಡಿಮೆ ಒಂದೇ, ಸುಮಾರು 30 ಗಜ. ಅಂದರೆ ವೆಡ್ಜ್ ಚೆಂಡು ನಿಧಾನವಾಗಿ ಹೋಗುತ್ತದೆ, ಆದರೂ ಅಷ್ಟೇ ಮೇಲಕ್ಕೆ ಹೋಗುತ್ತದೆ. ಜೊತೆಗೆ ಅದರ ಬ್ಯಾಕ್‌ಸ್ಪಿನ್, ಅಂದರೆ ಹಿಮ್ಮುಖ ತಿರುಗುವಿಕೆ, ನಿಮಿಷಕ್ಕೆ ಒಂಬತ್ತು ಸಾವಿರ ಸುತ್ತಿಗೂ ಮೇಲೆ. ಡ್ರೈವರ್‌ನಲ್ಲಿ ಅದರ ಮೂರನೇ ಒಂದು ಭಾಗವೂ ಇರುವುದಿಲ್ಲ.

ಎದುರಿನಿಂದ ಗಂಟೆಗೆ 10 ಮೈಲಿ ಗಾಳಿ ಬೀಸುತ್ತಿದೆ ಅಂದುಕೊಳ್ಳಿ. ನೂರು ಮೈಲಿ ವೇಗದ ವೆಡ್ಜ್ ಚೆಂಡಿಗೆ ಅದು 110 ಮೈಲಿ ವೇಗದ ಗಾಳಿಯಂತೆ ತಾಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಶೇ. 21ರಷ್ಟು ಜಾಸ್ತಿಯಾಗುತ್ತದೆ. ಅದೇ ಗಾಳಿ ಡ್ರೈವರ್ ಚೆಂಡಿಗೆ ಹೊರಟಾಗ ಕೊಡುವ ಹೆಚ್ಚುವರಿ ತಡೆ ಶೇ. 12ರಷ್ಟು ಮಾತ್ರ. ತಡೆಯಷ್ಟೇ ಅಲ್ಲ, ಬ್ಯಾಕ್‌ಸ್ಪಿನ್ ಚೆಂಡನ್ನು ಮೇಲಕ್ಕೂ ಎತ್ತುತ್ತದೆ. ಎದುರು ಗಾಳಿಯಲ್ಲಿ ಆ ಎತ್ತುವ ಬಲವೂ ಏರುತ್ತದೆ. ಚೆಂಡು ಗಾಳಿಪಟದ ಹಾಗೆ ಮೇಲೆದ್ದು, ಅಲ್ಲೇ ತೇಲಿ, ಆಮೇಲೆ ನೆಟ್ಟಗೆ ಕೆಳಗೆ ಬೀಳುತ್ತದೆ.

ಹಿಂದಿನಿಂದ ಬೀಸುವ ಗಾಳಿ ಇದರ ತದ್ವಿರುದ್ಧ ಅಂತ ಅನಿಸಬಹುದು, ಆದರೆ ಹಾಗಲ್ಲ. ಅಲ್ಲಿ ಎತ್ತುವ ಬಲವೇ ಕಡಿಮೆಯಾಗುತ್ತದೆ, ಚೆಂಡು ಬೇಗ ಇಳಿಯುತ್ತದೆ. ಹಾಗಾಗಿ ಗಾಳಿ ತಳ್ಳಿದರೂ ಪೂರ್ತಿ ಲಾಭ ಸಿಗುವುದಿಲ್ಲ. ಗಾಲ್ಫ್ ಆಡುವವರು ಇಟ್ಟುಕೊಳ್ಳುವ ಒಂದು ಒರಟು ಲೆಕ್ಕ ಇದೆ: ಎದುರು ಗಾಳಿಯ ಪ್ರತಿ ಮೈಲಿಗೆ ದೂರಕ್ಕೆ ಶೇ. 1 ಕೂಡಿಸಿ, ಹಿಂಗಾಳಿಯ ಪ್ರತಿ ಮೈಲಿಗೆ ಶೇ. ಅರ್ಧ ಮಾತ್ರ ಕಳೆಯಿರಿ. ನಾನು ಈ ಆಟದಲ್ಲೂ ಇದರಿಂದಲೇ ಶುರು ಮಾಡುತ್ತೇನೆ. ಒಳ್ಳೆಯ ಆರಂಭ ಅದು. ಆಮೇಲೆ ನಿಮ್ಮ ಆಟಗಾರನ ಕ್ಲಬ್‌ಗಳಿಗೆ ತಕ್ಕಂತೆ ಅಭ್ಯಾಸದ ಮೈದಾನದಲ್ಲಿ ತಿದ್ದಿಕೊಳ್ಳಬೇಕು. ನನ್ನ ಬಳಿ ಇದಕ್ಕೆಂದೇ ಒಂದು ಸಣ್ಣ ನೋಟ್‌ಬುಕ್ ಇದೆ. ಪ್ರತಿ ವೆಡ್ಜ್‌ಗೆ ಒಂದು ಪುಟ.

ಹಿಂಗಾಳಿಯಲ್ಲಿ ನಿಜವಾದ ತೊಂದರೆ ಬೇರೆ ಕಡೆ ಇದೆ. ಹೊಸಬರು ಗಮನಿಸುವುದು ಚೆಂಡು ಎಲ್ಲಿ ಬಿತ್ತು ಅನ್ನುವುದನ್ನು. ನೋಡಬೇಕಾದದ್ದು ಅದು ಎಲ್ಲಿ ನಿಂತಿತು ಅನ್ನುವುದನ್ನು. ಹಿಂಗಾಳಿಯಲ್ಲಿ ಚೆಂಡು ಓರೆಯಾಗಿ ಇಳಿದು ಮುಂದಕ್ಕೆ ಓಡುತ್ತದೆ. ಎದುರು ಗಾಳಿಯಲ್ಲಿ ನೆಟ್ಟಗೆ ಬಿದ್ದು ಅಲ್ಲೇ ಕಚ್ಚಿಕೊಳ್ಳುತ್ತದೆ, ಒಮ್ಮೊಮ್ಮೆ ಹಿಂದಕ್ಕೂ ಬರುತ್ತದೆ. ಹಾಗಾಗಿ ಪಿನ್ ಗ್ರೀನ್‌ನ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ಮುಂಭಾಗದಲ್ಲಿದ್ದು ಹಿಂಗಾಳಿ ಇದ್ದರೆ ನಾನು ಪಿನ್ ಕಡೆಗೆ ಹೊಡೆಯುವ ಆಸೆ ಬಿಟ್ಟುಬಿಡುತ್ತೇನೆ. ಗ್ರೀನ್ ಮಧ್ಯಕ್ಕೆ ಹಾಕಿ ಎರಡು ಪಟ್‌ನಲ್ಲಿ, ಅಂದರೆ ಚೆಂಡನ್ನು ನೆಲದ ಮೇಲೆ ಉರುಳಿಸುವ ಎರಡು ಹೊಡೆತದಲ್ಲಿ, ಮುಗಿಸುತ್ತೇನೆ. ಎದುರು ಗಾಳಿ ಇದ್ದರೆ ಅದೇ ಪಿನ್‌ಗೆ ಧೈರ್ಯವಾಗಿ ಹೋಗುತ್ತೇನೆ. ಒಂದೇ ಪಿನ್, ಒಂದೇ ದೂರ, ಗಾಳಿ ತಿರುಗಿದ್ದಕ್ಕೆ ಪೂರ್ತಿ ಬೇರೆ ನಿರ್ಧಾರ. ಈ ವ್ಯತ್ಯಾಸವನ್ನು ಇಷ್ಟು ಚೆನ್ನಾಗಿ ಕೈಗೆ ಮುಟ್ಟಿಸುವುದಕ್ಕೇ ನನಗೆ ಈ ಆಟದ ಮೇಲೆ ಪ್ರೀತಿ.

ಗಾಳಿ ನೇರವಾಗಿ ಎದುರಿಗೋ ಹಿಂದೆಯೋ ಬೀಸುವುದು ಅಪರೂಪ. ಹೆಚ್ಚಾಗಿ ಓರೆಯಾಗಿರುತ್ತದೆ. ಆಗ ಅದನ್ನು ಎರಡು ಭಾಗ ಮಾಡಿಕೊಳ್ಳಬೇಕು: ದೂರಕ್ಕೆ ಎಷ್ಟು, ಅಡ್ಡಕ್ಕೆ ಎಷ್ಟು. ಬಾಣ ಸರಿಯಾಗಿ ಮೂಲೆ ಕಡೆಗಿದ್ದರೆ, ಅಂದರೆ 45 ಡಿಗ್ರಿಯಾದರೆ, 10 ಮೈಲಿ ಗಾಳಿ ಎರಡು ಕಡೆಗೂ ಸುಮಾರು ಏಳೇಳು ಮೈಲಿ. ಐದೈದು ಅಲ್ಲ. ಗಡಿಯಾರದ ಮುಖದಲ್ಲಿ ಒಂದು ಗಂಟೆ ದಿಕ್ಕಿಗೆ, ಅಂದರೆ 30 ಡಿಗ್ರಿಗೆ, ಬಾಣ ವಾಲಿದ್ದರೆ ದೂರಕ್ಕೆ ಒಂಬತ್ತರ ಹತ್ತಿರ, ಅಡ್ಡಕ್ಕೆ ಐದು. ಶಾಲೆಯಲ್ಲಿ ಕಲಿತ ಸೈನ್, ಕೊಸೈನ್ ಅಷ್ಟೇ. ಈ ನಾಲ್ಕು ಅಂಕಿ ನೆನಪಿದ್ದರೆ ಪ್ರತಿ ಸಲ ಲೆಕ್ಕ ಹಾಕುವ ಅಗತ್ಯವೂ ಬರುವುದಿಲ್ಲ.

ಇದನ್ನೆಲ್ಲ ಪರೀಕ್ಷೆ ಮಾಡಲು ಟಿಪಿಸಿ ಸಾಗ್ರಾಸ್‌ನ ಹದಿನೇಳನೇ ಹೋಲ್‌ಗಿಂತ ಒಳ್ಳೆಯ ಜಾಗ ಇಲ್ಲ. ಫ್ಲಾರಿಡಾದ ಪಾಂಟೆ ವೆಡ್ರಾ ಬೀಚ್‌ನಲ್ಲಿರುವ ಈ ಮೈದಾನ 1980ರಲ್ಲಿ ತೆರೆಯಿತು. ವಿನ್ಯಾಸ ಪೀಟ್ ಡೈ ಅವರದು. ಮೈದಾನದ ಬೇರೆ ಕಡೆಗೆ ಬೇಕು ಅಂತ ಇಲ್ಲಿಂದ ಮರಳು ತೆಗೆದು ತೆಗೆದು ದೊಡ್ಡ ಹೊಂಡವಾಯಿತು. ನೀರು ತುಂಬಿಸಿ ಗ್ರೀನನ್ನು ದ್ವೀಪ ಮಾಡೋಣ ಅಂತ ಸೂಚಿಸಿದವರು ಅವರ ಹೆಂಡತಿ ಆಲಿಸ್ ಡೈ. ದೂರ 137 ಗಜ ಅಷ್ಟೇ. ವೃತ್ತಿಪರರಿಗೆ ವೆಡ್ಜ್ ಅಥವಾ ಒಂಬತ್ತನೇ ಐರನ್ ಕ್ಲಬ್ ಸಾಕು. ಆದರೂ 2007ರ ಪ್ಲೇಯರ್ಸ್ ಚಾಂಪಿಯನ್‌ಶಿಪ್‌ನಲ್ಲಿ ಈ ಒಂದು ಹೋಲ್‌ನಲ್ಲಿ 93 ಚೆಂಡುಗಳು ನೀರು ಸೇರಿದವು. ಗಾಳಿ ಜೋರಾಗಿದ್ದ ಮೊದಲ ದಿನವೇ 50. ಅದಕ್ಕೂ ಎರಡು ವರ್ಷ ಮೊದಲು ಬಾಬ್ ಟ್ವೇ ಇಲ್ಲಿ 12 ಹೊಡೆತ ತೆಗೆದುಕೊಂಡಿದ್ದರು. ಅವರು ಮೇಜರ್, ಅಂದರೆ ಗಾಲ್ಫ್‌ನ ಅತಿ ದೊಡ್ಡ ಟೂರ್ನಿಗಳಲ್ಲೊಂದನ್ನು, ಗೆದ್ದವರು ಅನ್ನುವುದನ್ನು ಮರೆಯಬೇಡಿ. ಪಾರ್, ಅಂದರೆ ನಿಗದಿತ ಹೊಡೆತ, ಮೂರು ಇರುವ ಹೋಲ್ ಇದು.

ಆಟದಲ್ಲಿ ಈ ಹೋಲ್‌ಗೆ ಬಂದಾಗ ನನ್ನ ಕ್ರಮ ಹೀಗೆ. 137 ಗಜ, ಬಲ ಮುಂದಿನ ಮೂಲೆಯಿಂದ 10 ಮೈಲಿ ಗಾಳಿ ಅಂತಿಟ್ಟುಕೊಳ್ಳಿ. ಎದುರಿಗೆ ಏಳು ಮೈಲಿ, ಅಂದರೆ ಶೇ. 7. ಹೊಡೆತ ಸುಮಾರು 147 ಗಜದ್ದಾಗಬೇಕು. ಅಡ್ಡ ಏಳು ಮೈಲಿ ಚೆಂಡನ್ನು ಎಡಕ್ಕೆ ಎಳೆಯುತ್ತದೆ, ಅದಕ್ಕೆ ಗುರಿಯನ್ನು ಬಲಕ್ಕೆ ಸರಿಸಬೇಕು. ಎಷ್ಟು ಸರಿಸಬೇಕು ಅನ್ನುವುದು ಚೆಂಡು ಎಷ್ಟು ಹೊತ್ತು ಮೇಲಿರುತ್ತದೆ ಅನ್ನುವುದರ ಮೇಲಿದೆ. ಹಾಗಾಗಿ ವೆಡ್ಜ್ ಅನ್ನು ಪೂರ್ತಿ ಬೀಸುವ ಬದಲು ಒಂದು ಕ್ಲಬ್ ದೊಡ್ಡದು ತೆಗೆದುಕೊಂಡು ಹಗುರಾಗಿ ಹೊಡೆಯುತ್ತೇನೆ. ಸ್ಪಿನ್ ಕಡಿಮೆ, ಎತ್ತರ ಕಡಿಮೆ, ಗಾಳಿಯ ಕೈಗೆ ಸಿಗುವ ಹೊತ್ತೂ ಕಡಿಮೆ. ನಿಜವಾದ ಮೈದಾನದಲ್ಲಿ ಕೋಚ್‌ಗಳು ಹೇಳಿಕೊಡುವುದೂ ಇದನ್ನೇ. ಅದು ಇಲ್ಲಿಯೂ ಕೆಲಸ ಮಾಡುತ್ತದೆ ಅನ್ನುವುದು ನನಗೆ ಈ ಆಟದ ದೊಡ್ಡ ಗುಣ.

ಪಂಚ್ ಹೊಡೆತದ ಬಗ್ಗೆಯೂ ಒಂದು ಮಾತು. ಚೆಂಡು ತಗ್ಗಾಗಿ ಹೋಗುತ್ತದೆ, ಗಾಳಿಗೆ ಬಗ್ಗುವುದಿಲ್ಲ. ಆದರೆ ಬಿದ್ದ ಮೇಲೆ ಓಡುತ್ತದೆ. ಗ್ರೀನ್ ಮುಂದೆ ಬಂಕರ್ (ಮರಳಿನ ಗುಂಡಿ) ಇಲ್ಲದಿದ್ದರೆ, ನೆಲ ಚಪ್ಪಟೆಯಾಗಿದ್ದರೆ, ಇದರಷ್ಟು ನಂಬಿಕೆಯ ಹೊಡೆತ ಇನ್ನೊಂದಿಲ್ಲ. ಸಾಗ್ರಾಸ್‌ನ ದ್ವೀಪಕ್ಕೆ ಮಾತ್ರ ಬೇಡವೇ ಬೇಡ. ಫ್ಲಾಪ್ ಇದರ ಉಲ್ಟಾ, ಆಕಾಶಕ್ಕೆ ಏರುವ ಹೊಡೆತ. ಬಂಕರ್ ದಾಟಿಸಲು ಚೆನ್ನ, ಗಾಳಿ ಜೋರಾಗಿದ್ದಾಗ ದೂರ ಇಡಿ. ಲಾಫ್ಟ್ (ಕ್ಲಬ್ ಮುಖದ ಓರೆ) ಕೂಡ ಹೊಡೆಯುವ ಮೊದಲು ಬದಲಿಸಿಕೊಳ್ಳಬಹುದು. ಎದುರು ಗಾಳಿಯಲ್ಲಿ ಒಂದಿಷ್ಟು ಇಳಿಸುವುದು, ಹಿಂಗಾಳಿಯಲ್ಲಿ ಚೆಂಡು ಬೇಗ ನಿಲ್ಲಲಿ ಅಂತ ಒಂದಿಷ್ಟು ಏರಿಸುವುದು, ಇಷ್ಟು ಅಭ್ಯಾಸವಾದರೆ ಸ್ಕೋರ್ ತಾನಾಗಿ ಇಳಿಯುತ್ತದೆ; ಗಾಲ್ಫ್‌ನಲ್ಲಿ ಕಡಿಮೆ ಇದ್ದಷ್ಟೂ ಒಳ್ಳೆಯದು.

ಮೂವತ್ತು ಗಜದೊಳಗೆ ಬಂದ ಮೇಲೆ ನಾನು ಬಾಣ ನೋಡುವುದನ್ನೇ ಬಿಡುತ್ತೇನೆ. ಚಿಪ್ ಮಾಡಿದಾಗ ಚೆಂಡು ಗಾಳಿಯಲ್ಲಿರುವುದು ಕ್ಷಣ ಮಾತ್ರ, ಉಳಿದ ದಾರಿ ನೆಲದ್ದು. ಅಲ್ಲಿ ಗ್ರೀನ್‌ನ ಇಳಿಜಾರು ಓದಬೇಕು. ಐವತ್ತರಿಂದ ಎಂಬತ್ತು ಗಜದ ಪಿಚ್ ಹೊಡೆತವೇ ನಿಜವಾಗಿ ಕಷ್ಟ. ಬೀಸು ಅರ್ಧವೇ ಆದರೂ ಚೆಂಡು ಸಾಕಷ್ಟು ಮೇಲೇರುತ್ತದೆ, ವೇಗ ಮಾತ್ರ ತೀರಾ ಕಡಿಮೆ. ಗಾಳಿ ಜೋರಿರುವ ದಿನ ಆ ದೂರವನ್ನು ಉಳಿಸಿಕೊಳ್ಳದಂತೆ ಹಿಂದಿನ ಹೊಡೆತವನ್ನೇ ಯೋಜಿಸುವುದು ಜಾಣತನ. ಪೂರ್ತಿ ವೆಡ್ಜ್ ಬೀಸುವಷ್ಟು ದೂರ ಬಿಟ್ಟುಕೊಳ್ಳಿ.

ಇನ್ನು ಕೊರತೆ. ಇಷ್ಟು ಆಳವಾದ ಗಾಳಿಯನ್ನು ಕಟ್ಟಿದ ಆಟ ಅದನ್ನು ಕಲಿಸುವ ವಿಷಯದಲ್ಲಿ ತುಂಬಾ ಮೌನಿ. ಹೊಡೆತ ಮುಗಿದ ಮೇಲೆ "ಇಷ್ಟು ಗಜ ಗಾಳಿ ತಿಂದಿತು, ಇಷ್ಟು ಗಜ ನಿಮ್ಮ ಬೀಸು ತಪ್ಪಿತು" ಅಂತ ಬಿಡಿಸಿ ಹೇಳುವ ಒಂದು ಪುಟ ಇದ್ದಿದ್ದರೆ ಎಷ್ಟು ಜನ ಆಟದಲ್ಲಿ ಉಳಿಯುತ್ತಿದ್ದರು! ಬೀಸಿನ ಟೈಮಿಂಗ್ ಸ್ವಲ್ಪ ಹೆಚ್ಚು ಕಡಿಮೆಯಾದರೂ ಚೆಂಡು ಪಕ್ಕಕ್ಕೆ ಹೋಗುತ್ತದೆ. ಅದು ಗಾಳಿಯಿಂದ ಹೋಯಿತೋ ಕೈಯಿಂದ ಹೋಯಿತೋ ಅಂತ ಹೊಸಬರಿಗೆ ತಿಳಿಯುವುದೇ ಇಲ್ಲ. ಅದಕ್ಕೇ ಶುರುವಿನಲ್ಲಿ ಕಷ್ಟದ ಮಟ್ಟವನ್ನು ಇಳಿಸಿ, ಗಾಳಿಯನ್ನು ಮಾತ್ರ ಹಾಗೇ ಬಿಡಿ. ಬೀಸು ನೆಟ್ಟಗಾದಾಗ ಗಾಳಿ ಏನು ಮಾಡುತ್ತದೆ ಅನ್ನುವುದು ಸ್ಪಷ್ಟವಾಗಿ ಕಾಣುತ್ತದೆ. ಕಂಟ್ರೋಲರ್‌ನ ಸ್ಟಿಕ್ ಎಳೆದು ತಳ್ಳುವ ಹಳೆಯ ವಿಧಾನದ ಜೊತೆಗೆ 2ಕೆ23ರಲ್ಲಿ ಮೂರು ಸಲ ಬಟನ್ ಒತ್ತುವ ವಿಧಾನವೂ ಬಂದಿದೆ. ಗಾಳಿ ಕಲಿಯಲು ನನಗೆ ಎರಡನೆಯದೇ ಹಿಡಿಸಿತು.

ವಿಸಿ ಅನ್ನುವ ಆಟದ ಹಣ ಸೇರಿಸಿ ಕ್ಲಬ್, ಟೋಪಿ, ಶೂ ಕೊಳ್ಳುವ ವ್ಯವಸ್ಥೆ ನನಗೆ ಬೇಡವಾಗಿತ್ತು. ನಿಜವಾದ ದುಡ್ಡು ಕೊಟ್ಟೂ ಅದನ್ನು ಪಡೆಯಬಹುದು. ಮಕ್ಕಳ ಕೈಗೆ ಕೊಡುವವರು ಎಚ್ಚರ ಇರಲಿ.

ನಮ್ಮ ಕಡೆ ಬಹಳ ಜನ ಗಾಲ್ಫ್‌ನತ್ತ ತಿರುಗಿದ್ದು 2021ರ ಆಗಸ್ಟ್‌ನಲ್ಲಿ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದ ಆ ಶನಿವಾರ, ಬೋಗಿ, ಬರ್ಡಿ ಗೊತ್ತಿಲ್ಲದವರೂ ಟಿವಿ ಮುಂದೆ ಕೂತಿದ್ದರು. ದೂರ ಹೊಡೆಯುವುದರಲ್ಲಿ ಅವರು ಮುಂದಿನ ಸಾಲಿನವರಲ್ಲ. ಗ್ರೀನ್ ಹತ್ತಿರದ ಆಟ ಮತ್ತು ಪಟಿಂಗ್ ಅವರನ್ನು ಅಲ್ಲಿಯವರೆಗೆ ತಂದಿತ್ತು. ಆ ಬಗೆಯ ಆಟ ಯಾರಿಗೆ ಇಷ್ಟವೋ ಅವರಿಗೆ ನಾನು 2ಕೆ23 ಅನ್ನು ಮನಸಾರೆ ಹೇಳುತ್ತೇನೆ. ಉದ್ದ ಹೊಡೆಯುವುದೇ ಬೇಕು ಅನ್ನುವವರಿಗೆ ಬೇರೆ ಆಟಗಳಿವೆ. ಕೊಂಡ ಮೇಲೆ ನೇರವಾಗಿ ಆಟದ ಕರಿಯರ್ ವಿಭಾಗಕ್ಕೆ ನುಗ್ಗಬೇಡಿ. ಮೊದಲು ಅಭ್ಯಾಸದ ಮೈದಾನದಲ್ಲಿ ನಿಮ್ಮ ವೆಡ್ಜ್‌ಗಳ ದೂರ ಬರೆದಿಟ್ಟುಕೊಳ್ಳಿ, ಆಮೇಲೆ ಗಾಳಿ ಜೋರು ಮಾಡಿಕೊಂಡು ಸಾಗ್ರಾಸ್‌ನ ಹದಿನೇಳಕ್ಕೆ ಹೋಗಿ.