ಓಮ್ನಿಗೆ ಸೋಲಾರ್ ವೈರಿಂಗ್: ಕೊಟ್ಟ ಕಾಸಿಗೆ ಒಳ್ಳೆ ಕೆಲಸ

ತುಮಕೂರಿನ ಬಿ.ಎಚ್. ರಸ್ತೆಯ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ನಮ್ಮ ಓಮ್ನಿಗೆ 100 ವ್ಯಾಟ್‌ನ ಮಡಚುವ ಸೋಲಾರ್ ಪ್ಯಾನೆಲ್ ವೈರಿಂಗ್ ಮಾಡಿಸಿದೆ. ತುಂಬಾ ಇಷ್ಟ ಆಯ್ತು. ಗಾಡಿ ಹೊಂಗೆ ಮರದ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ ಇರಬೇಕು, ಅಲ್ವಾ? ಹಾಗಾಗಿ ವೈರ್ ಉದ್ದ ಬೇಕು. ಆದರೆ 12 ವೋಲ್ಟ್‌ನಲ್ಲಿ ತೆಳು ವೈರ್ ಉದ್ದ ಎಳೆದರೆ ವೋಲ್ಟೇಜ್ ದಾರಿಯಲ್ಲೇ ಇಳಿದುಹೋಗುತ್ತೆ. ಅದಕ್ಕೇ ಅವರು ದಪ್ಪನೆಯ 4 ಸ್ಕ್ವೇರ್ ಎಂಎಂ ತಾಮ್ರದ ವೈರನ್ನೇ ಹಾಕಿದರು. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಫ್ಯೂಸ್. ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ಹದದಲ್ಲಿಡೋ ಡಬ್ಬಿಯೇ ಕಂಟ್ರೋಲರ್. “ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಉಲ್ಟಾ ಸಾರ್” ಎಂದು ಹೇಳಿ, ಮಾರ್ಕರ್‌ನಲ್ಲಿ ಅದರ ಮೇಲೇ ಬರೆದೂ ಕೊಟ್ಟರು. ಕ್ಯಾಂಪಿಂಗ್‌ಗೆ ಹೋದಾಗ ಸಣ್ಣ ಫ್ಯಾನು, ಲೈಟು, ಫೋನ್ ಚಾರ್ಜಿಂಗ್ ಆರಾಮಾಗಿ ನಡೆಯುತ್ತೆ. ಇಂಡಕ್ಷನ್ ಒಲೆ ಬೇಕು ಅನ್ನುವವರಿಗೆ ಇದು ಸಾಲದು. ಕೂಲಿ ಸ್ವಲ್ಪ ಜಾಸ್ತಿ. ಆದರೆ ವೈರ್ ತುದಿಗೆ ಹಾಕುವ ಲೋಹದ ಒಂದೊಂದು ಲಗ್ಗನ್ನೂ ಒತ್ತಿ, ಎಳೆದು ನೋಡಿ ಕೂರಿಸಿದ್ದಾರೆ. ಖಂಡಿತ ಕೊಡಬಹುದು.