ಹರ್ಗ್ ಎಚ್‌ಇಕೆ ಸೆಲ್ ಲೈನ್: ಕೊಳ್ಳಬಹುದು, ಡೇಟಾ ಶೀಟ್ ನಂಬಿ ಕೂರಬೇಡಿ

ಹೊಸ ಔಷಧಿ ಹೃದಯದ ಲಯ ಕೆಡಿಸುತ್ತದೆಯೇ ಎಂದು ನೋಡುವವರು ಮೊದಲು ಪರೀಕ್ಷಿಸುವುದು ಹರ್ಗ್ ಎಂಬ ಪೊಟ್ಯಾಸಿಯಂ ಚಾನಲನ್ನು. ಕೆಸಿಎನ್‌ಎಚ್2 ಜೀನಿನಿಂದ ತಯಾರಾಗುವ ಈ ಪ್ರೋಟೀನಿನ ದಾರಿ ಕಟ್ಟಿದರೆ ಇಸಿಜಿಯಲ್ಲಿ ಕ್ಯೂಟಿ ಅಂತರ (ಹೃದಯದ ಕೆಳಕೋಣೆಗಳ ಒಂದು ವಿದ್ಯುತ್ ಬಡಿತದ ಅವಧಿ) ಹಿಗ್ಗುತ್ತದೆ. ಅಲರ್ಜಿಯ ಔಷಧಿ ಟರ್ಫೆನಡಿನ್, ಹೊಟ್ಟೆಯ ಔಷಧಿ ಸಿಸಾಪ್ರೈಡ್ ಮಾರುಕಟ್ಟೆಯಿಂದ ಹೊರಬಿದ್ದದ್ದು ಇದರಿಂದಲೇ. ಈ ಚಾನಲನ್ನು ಕಾಯಂ ಆಗಿ ತಯಾರಿಸುವ ಎಚ್‌ಇಕೆ 293 ಕೋಶಗಳನ್ನು (ಮಾನವ ಭ್ರೂಣದ ಮೂತ್ರಪಿಂಡದಿಂದ ಬಂದು ಲ್ಯಾಬಿನಲ್ಲಿ ಬೆಳೆಯುತ್ತಲೇ ಇರುವ ಕೋಶಗಳ ಸಂತತಿ, ಅಂದರೆ ಸೆಲ್ ಲೈನ್) ಹಲವು ಕಂಪನಿಗಳು ಹೆಪ್ಪುಗಟ್ಟಿಸಿದ ವಯಲ್‌ಗಳಲ್ಲಿ ಮಾರುತ್ತವೆ. 1998ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡ ವಿವರಿಸಿದ್ದೂ ಇಂಥದೇ ಕೋಶಗಳನ್ನು.

ಮಾಲು ಒಳ್ಳೆಯದು. ಕೆಡಿಸುವುದು ಹೆಚ್ಚಾಗಿ ಕೊಂಡವರ ಇನ್‌ಕ್ಯುಬೇಟರ್.

ವಯಲನ್ನು 37 ಡಿಗ್ರಿ ನೀರಿನಲ್ಲಿ ಅಲುಗಿಸುತ್ತಾ, ಒಂದು ಚೂರು ಮಂಜು ಉಳಿದಿರುವಾಗಲೇ ಹೊರತೆಗೆಯಿರಿ. ಸೆಂಟ್ರಿಫ್ಯೂಜ್‌ನಲ್ಲಿ 200 ಜಿ ಬಲದಲ್ಲಿ 5 ನಿಮಿಷ ತಿರುಗಿಸಿ, ಹೆಪ್ಪುಗಟ್ಟಿಸುವಾಗ ಹಾಕಿದ್ದ ಡಿಎಂಎಸ್‌ಒ ದ್ರಾವಕ ಚೆಲ್ಲಿಬಿಡಿ. ಮೊದಲ ದಿನವೇ ಜಿ418 (ಸೇರಿಸಿದ ಜೀನ್ ಇಲ್ಲದ ಕೋಶಗಳನ್ನು ಕೊಲ್ಲುವ ಆ್ಯಂಟಿಬಯಾಟಿಕ್) ಹಾಕಿದರೆ ಸುಸ್ತಾದ ಕೋಶಗಳು ಸಾಯುತ್ತವೆ. ಅಂಟಿಕೊಂಡು ಚೇತರಿಸಿಕೊಂಡ ಮೇಲೆ ಮಿಲಿಲೀಟರಿಗೆ 400 ಮೈಕ್ರೋಗ್ರಾಂ ಸಾಕು. ಬೇರೆ ಕೆಲಸಕ್ಕೆ ಕೈ ಹಾಕುವ ಮುನ್ನ ಹತ್ತಿಪ್ಪತ್ತು ವಯಲ್ ಮತ್ತೆ ಹೆಪ್ಪುಗಟ್ಟಿಸಿ, ಮೈಕೋಪ್ಲಾಸ್ಮಾ (ಕೋಶಗಳಿಗೆ ಗುಟ್ಟಾಗಿ ಸೋಂಕುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ. ಪಾಸೇಜ್ (ಕೋಶಗಳನ್ನು ಬಿಡಿಸಿ ಹೊಸ ಫ್ಲಾಸ್ಕಿಗೆ ಹಂಚಿದ ಸಲ) ಏರಿದಂತೆ ಚಾನಲ್ ಮೂಲಕ ಹರಿಯುವ ಕರೆಂಟ್ ಇಳಿಯುವುದು ಈ ಕೋಶಗಳ ಹಳೇ ಚಾಳಿ. ಫ್ಲಾಸ್ಕ್ ಶೇಕಡಾ 80 ತುಂಬುವ ಮೊದಲೇ ಬಿಡಿಸಿ. ಗುಂಪುಗಟ್ಟಿದ ಎಚ್‌ಇಕೆ ಕೋಶಗಳು ಒಂದಕ್ಕೊಂದು ವಿದ್ಯುತ್ ಸಂಪರ್ಕ ಬೆಳೆಸಿಕೊಳ್ಳುತ್ತವೆ, ಆಮೇಲೆ ನೀವು ಅಳೆಯುವುದು ಒಂದು ಕೋಶವನ್ನೋ ಮೂರನ್ನೋ ಗೊತ್ತಾಗುವುದಿಲ್ಲ. ಕರೆಂಟ್ ಸಣ್ಣದಿದ್ದರೆ ಅಳೆಯುವ ಮುಂಚೆ ಒಂದೆರಡು ದಿನ 30 ಡಿಗ್ರಿಯಲ್ಲಿ ಇಟ್ಟು ನೋಡಿ. ಪೊರೆಗೆ ತಲುಪುವ ಚಾನಲ್ ಹೆಚ್ಚುತ್ತದೆ.

ಅಳೆಯುವುದು ಪ್ಯಾಚ್ ಕ್ಲಾಂಪ್‌ನಿಂದ, ಅಂದರೆ ಗಾಜಿನ ಸೂಕ್ಷ್ಮ ಪಿಪೆಟ್ಟನ್ನು ಕೋಶದ ಪೊರೆಗೆ ಅಂಟಿಸಿ. ಕೋಶದ ಹೊರಗಿನ ದ್ರಾವಣ ಮಿಲಿಮೋಲಾರ್ ಲೆಕ್ಕದಲ್ಲಿ: ಸೋಡಿಯಂ ಕ್ಲೋರೈಡ್ 137, ಪೊಟ್ಯಾಸಿಯಂ ಕ್ಲೋರೈಡ್ 4, ಕ್ಯಾಲ್ಸಿಯಂ 1.8, ಮೆಗ್ನೀಸಿಯಂ 1, ಗ್ಲೂಕೋಸ್ 10, ಹೆಪೆಸ್ (ಪಿಎಚ್ ಕಾಯುವ ಬಫರ್) 10, ಪಿಎಚ್ 7.4. ಪಿಪೆಟ್ ಒಳಗೆ ಪೊಟ್ಯಾಸಿಯಂ ಕ್ಲೋರೈಡ್ 130, ಮೆಗ್ನೀಸಿಯಂ 1, ಇಜಿಟಿಎ (ಕ್ಯಾಲ್ಸಿಯಂ ಹಿಡಿದಿಡುವ ವಸ್ತು) 5, ಎಂಜಿ-ಎಟಿಪಿ 5, ಹೆಪೆಸ್ 10, ಪಿಎಚ್ 7.2. ಎಟಿಪಿಯನ್ನು ಆಯಾ ದಿನವೇ ಹಾಕಿ. ಪೊಟ್ಯಾಸಿಯಂ ಇಲ್ಲದ ಬಫರ್‌ನಲ್ಲಿ ಕೋಶಗಳನ್ನು ಗಂಟೆಗಟ್ಟಲೆ ಬಿಡಬೇಡಿ, ಚಾನಲ್‌ಗಳು ಪೊರೆಯಿಂದ ಒಳಗೆ ಸರಿದುಹೋಗುತ್ತವೆ.

ಮಾಲು ಅಸಲಿಯೇ ಎಂಬುದು ತೆರೆಯ ಮೇಲೆ ಗೊತ್ತಾಗುತ್ತದೆ. ಪೊರೆಯ ವೋಲ್ಟೇಜನ್ನು −80 ಮಿಲಿವೋಲ್ಟ್‌ನಿಂದ +20ಕ್ಕೆ ಏರಿಸಿದಾಗ ಕರೆಂಟ್ ಅಷ್ಟಕ್ಕಷ್ಟೇ, ಯಾಕೆಂದರೆ ತೆರೆದ ಚಾನಲ್ ತಕ್ಷಣವೇ ನಿಷ್ಕ್ರಿಯವಾಗುತ್ತದೆ. −50ಕ್ಕೆ ಇಳಿಸಿದೊಡನೆ ಗೆರೆ ಹಾವಿನ ಹೆಡೆಯಂತೆ ಮೇಲೆದ್ದು, ನಿಧಾನವಾಗಿ ಇಳಿಯಬೇಕು. ಇದೇ ಟೇಲ್ ಕರೆಂಟ್. 300 ಪಿಕೋಆಂಪಿಯರ್‌ಗಿಂತ ಕಡಿಮೆ ಬಂದ ಕೋಶವನ್ನು ಬಿಟ್ಟು ಮುಂದೆ ಹೋಗುವುದೇ ವಾಸಿ. ಕೊನೆಗೆ ಹರ್ಗ್ ಚಾನಲನ್ನು ತಡೆಯುವ ಇ-4031 ಎಂಬ ವಸ್ತುವನ್ನು 1 ಮೈಕ್ರೋಮೋಲಾರ್ ಹರಿಸಿ. ಆಗಲೂ ಉಳಿದದ್ದು ಸೋರಿಕೆ, ಅದನ್ನು ಕಳೆಯಿರಿ. 35ರಿಂದ 37 ಡಿಗ್ರಿಯಲ್ಲೇ ಅಳೆಯಿರಿ. ಕೋಣೆಯ ತಾಪಮಾನದಲ್ಲಿ ಕೆಲವು ಔಷಧಿಗಳ ಅಂಕಿ ಬೇರೆಯೇ ಬರುತ್ತದೆ.

ಔಷಧಿ ತಡೆಯುತ್ತಿಲ್ಲ ಅನಿಸಿದರೆ ಕೋಶವನ್ನು ಬೈಯುವ ಮೊದಲು ಟ್ಯೂಬ್ ನೋಡಿ. ಟರ್ಫೆನಡಿನ್‌ನಂಥ ಜಿಡ್ಡು ಸ್ವಭಾವದ ಅಣುಗಳು ಪ್ಲಾಸ್ಟಿಕ್‌ಗೆ ಅಂಟಿಕೊಂಡು ಕೋಶದವರೆಗೆ ಬರುವುದೇ ಇಲ್ಲ. ಗಾಜು ಅಥವಾ ಟೆಫ್ಲಾನ್ ಬಳಸಿ.

ಈ ಕೋಶಗಳಿಂದ ಆಗದ ಕೆಲಸವೂ ಇದೆ. ಹೃದಯದಲ್ಲಿ ಈ ಚಾನಲಿನ 1ಎ, 1ಬಿ ಎಂಬ ಎರಡು ರೂಪಗಳು ಬೆರೆತಿರುತ್ತವೆ. ಮಾರಾಟಕ್ಕಿರುವ ಬಹುಪಾಲು ಲೈನ್‌ಗಳಲ್ಲಿ 1ಎ ಒಂದೇ, ಹಾಗಾಗಿ ಚಾನಲ್ ಮುಚ್ಚುವುದು ನಿಧಾನ. ಪೆಂಟಮಿಡಿನ್ ಎಂಬ ಔಷಧಿ ಚಾನಲ್ ಪೊರೆಗೆ ಬರುವುದನ್ನೇ ತಡೆಯುತ್ತದೆ, ಹತ್ತು ನಿಮಿಷದ ಅಳತೆಯಲ್ಲಿ ಅದು ನಿರಪಾಯ ಎನಿಸಿಬಿಡುತ್ತದೆ. ಅಂಥ ಅನುಮಾನವಿದ್ದರೆ ರಾತ್ರಿಯಿಡೀ ಔಷಧಿಯಲ್ಲಿ ನೆನೆಸಿಟ್ಟು ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಪಟ್ಟಿಗಳಾಗಿ ತೋರಿಸುವ ಪರೀಕ್ಷೆ) ಓಡಿಸಿ: 155 ಕಿಲೋಡಾಲ್ಟನ್ ಪಟ್ಟಿ ಮಾಸಿ 135ರದ್ದು ಉಳಿದರೆ ಪ್ರೋಟೀನ್ ಒಳಗೇ ಸಿಕ್ಕಿಕೊಂಡಿದೆ ಎಂದರ್ಥ.

ಆರ್ಡರ್ ಹಾಕುವ ಮುನ್ನ ಮಾರುವವರಿಂದ ಬ್ಲಾಟ್ ಚಿತ್ರ ಕೇಳಬೇಡಿ, ವಯಲಿನ ಪಾಸೇಜ್ ಸಂಖ್ಯೆ ಮತ್ತು ಆ ಬ್ಯಾಚಿನ ಟೇಲ್ ಕರೆಂಟ್ ಅಂಕಿ ಕೇಳಿ. ಪರವಾನಗಿಯನ್ನೂ ಓದಿಕೊಳ್ಳಿ: ಕಾಲೇಜು ಸಂಶೋಧನೆಗೆಂದು ಕಡಿಮೆ ಬೆಲೆಗೆ ಕೊಟ್ಟ ಕೋಶಗಳಲ್ಲಿ ಔಷಧಿ ಕಂಪನಿಯ ಸ್ಯಾಂಪಲ್ ಪರೀಕ್ಷಿಸಲು ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ.