ಜಿಯೋಸರ್ವರ್ ಮುಂದೆ ಎಚ್‌ಎಪ್ರಾಕ್ಸಿ: ಹಗುರ, ಆದರೆ ಹಾಕಿ ಮರೆಯುವಂಥದ್ದಲ್ಲ

ನಕ್ಷೆಗಳನ್ನು ವೆಬ್‌ನಲ್ಲಿ ಒದಗಿಸುವ ಒಂದು ಜಿಯೋಸರ್ವರ್ ಏದುಸಿರು ಬಿಟ್ಟಾಗ ಮೂರನ್ನು ಸಾಲಾಗಿ ಇಟ್ಟು, ಬಂದ ಕೋರಿಕೆಗಳನ್ನು ಅವುಗಳಿಗೆ ಹಂಚಲು ಮುಂದೆ ಎಚ್‌ಎಪ್ರಾಕ್ಸಿ ಇಡಬಹುದು: ಉಚಿತ, ಸೆಟ್ಟಿಂಗ್ ಎಲ್ಲ ಒಂದೇ ಫೈಲಲ್ಲಿ. ಆದರೆ ಟೈಲ್‌ಗಳಿಗೆ (ನಕ್ಷೆಯ ಚೌಕ ತುಂಡುಗಳಿಗೆ) ರೌಂಡ್‌ರಾಬಿನ್, ಅಂದರೆ ಸರದಿಯಂತೆ ಹಂಚುವುದು ಬೇಡ. ಜಿಯೋಸರ್ವರ್‌ನ ಟೈಲ್ ಕ್ಯಾಶ್ ಆದ ಜಿಯೋವೆಬ್‌ಕ್ಯಾಶ್ ಸಾಮಾನ್ಯವಾಗಿ 4×4 ಮೆಟಾಟೈಲ್ (ಹಲವು ಟೈಲ್ ಸೇರಿದ ಒಂದೇ ದೊಡ್ಡ ಚಿತ್ರ) ಬಿಡಿಸುತ್ತದೆ. 256 ಪಿಕ್ಸೆಲ್‌ನ ಒಂದು ಟೈಲ್ ಕೇಳಿದರೂ 16 ತಯಾರು. ಪಕ್ಕದ ಟೈಲ್ ಬೇರೆ ಸರ್ವರ್‌ಗೆ ಹೋದರೆ ಅದೇ ಚಿತ್ರವನ್ನು ಮೂರೂ ಬಿಡಿಸುತ್ತಾ ಕೂರುತ್ತವೆ! ಕ್ಯಾಶ್ ಫೋಲ್ಡರ್ ಮೂರಕ್ಕೂ ಒಂದೇ ಇರಲಿ, ಒಂದೇ ಟೈಲನ್ನು ಎರಡು ಸರ್ವರ್ ಒಟ್ಟಿಗೆ ಬಿಡಿಸದಂತೆ ತಡೆಯುವ ಲಾಕ್ ಎನ್‌ಐಒ ಇರಲಿ. ಕೇಳಿದ ನಕ್ಷೆಯನ್ನು ಆಗಲೇ ಬಿಡಿಸಿಕೊಡುವ ಡಬ್ಲ್ಯುಎಂಎಸ್‌ಗೆ ಲೀಸ್ಟ್‌ಕಾನ್ (ಕಡಿಮೆ ಸಂಪರ್ಕವಿರುವ ಸರ್ವರ್‌ಗೆ ಕಳಿಸುವುದು) ಸರಿಹೊಂದುತ್ತದೆ. ಅಡ್ಮಿನ್ ಪುಟಕ್ಕೆ ಬಂದವರನ್ನು ಕುಕೀ ಮೂಲಕ ಒಂದೇ ಸರ್ವರ್‌ಗೆ ಕಟ್ಟದಿದ್ದರೆ ಲಾಗಿನ್ ಪದೇ ಪದೇ ಹಾರುತ್ತದೆ.

ದೊಡ್ಡ ಹಳ್ಳ ಹೆಲ್ತ್ ಚೆಕ್‌ನಲ್ಲಿದೆ, ಅಂದರೆ ಸರ್ವರ್ ಸರಿಯಿದೆಯೇ ಎಂದು ಎಚ್‌ಎಪ್ರಾಕ್ಸಿ ಆಗಾಗ ನೋಡುವಲ್ಲಿ. ಡೇಟಾಬೇಸ್ ಬಿದ್ದಿದ್ದರೂ ಡಬ್ಲ್ಯುಎಂಎಸ್ ದೋಷದ ಎಕ್ಸ್‌ಎಂಎಲ್ ಅನ್ನು 200 (ಎಲ್ಲ ಸರಿ) ಎಂದೇ ಕಳಿಸಬಹುದು. ಹಾಗಾಗಿ ಪುಟ್ಟ ಗೆಟ್‌ಮ್ಯಾಪ್ (ನಕ್ಷೆಯ ಚಿತ್ರ) ಕೇಳಿ, ಬಂದದ್ದು ಪಿಎನ್‌ಜಿಯೇ ಎಂದು ಹೆಡರ್‌ನಲ್ಲಿ ನೋಡಿಸಿ.